ಹರಾಜಿನಲ್ಲಿ ಸಿಗದ ಬಿಡಿಭಾಗ

‘ಡಿಸ್ಪೋಸಲ್’ ಎಂಬ ಮಾತು ನಮ್ಮ ಗ್ಯಾರೇಜುಗಳಿಗೆ ಬಂದದ್ದು ಯುದ್ಧದ ಕಡೆಯಿಂದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾಗಿ ಉಳಿದ ಜೀಪು, ಲಾರಿಗಳು ವಿಲೇವಾರಿಯಾಗಿ ಊರೂರು ಸೇರಿದವು. ಮುಂದೆ ಆ ಸಾಲಿಗೆ ಶಕ್ತಿಮಾನ್ ಬಂತು. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್ಪುರದಲ್ಲಿ ತಯಾರಾದ, ದಶಕಗಳ ಕಾಲ ಸೈನ್ಯದ ಹೊರೆ ಹೊತ್ತ ಗಾಡಿ ಅದು. ಇಂದು ಸರ್ಕಾರಿ ಸಂಸ್ಥೆ ಎಂಎಸ್‌ಟಿಸಿಯ ಆನ್‌ಲೈನ್ ಹರಾಜಿನಲ್ಲಿ ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಎಂಬ ಷರತ್ತಿಗೆ ಒಪ್ಪಿಯೇ ಇಂಥದನ್ನು ಕೊಳ್ಳಬೇಕು. ಮಿಲಿಟ್ರಿ ಮಾಲು ಎಂದರೆ ಕಣ್ಣು ಮುಚ್ಚಿ ಕೊಳ್ಳಬಹುದು ಎಂಬ ನಂಬಿಕೆ ಮಾತ್ರ ಆ ಷರತ್ತಿಗಿಂತ ಗಟ್ಟಿ. ಈ ನಂಬಿಕೆಯಲ್ಲಿ ಅರ್ಧ ಮಾತ್ರ ನಿಜ. ಸೈನ್ಯದ ಗಾಡಿ ಕೈಕೊಡದಿರುವುದಕ್ಕೆ ಅದರ ಕಬ್ಬಿಣವೊಂದೇ ಕಾರಣವಲ್ಲ. ಅದರ ಹಿಂದೆ 1943ರಿಂದ ಇಎಂಇ ಎಂಬ ದುರಸ್ತಿ ದಳವಿದೆ, ಚಾಲಕನ ದಿನದ ತಪಾಸಣೆಯಿದೆ, ಯಾವ ಎಣ್ಣೆ ಯಾವಾಗ ಬದಲಾಯಿತು ಎಂದು ಬರೆದಿಡುವ ಪುಸ್ತಕವಿದೆ. ಹರಾಜಿಗೆ ಬರುವುದು ಗಾಡಿ ಮಾತ್ರ. ಈ ಏರ್ಪಾಟು ದಂಡಿನಲ್ಲೇ ಉಳಿಯುತ್ತದೆ, ಕೊಂಡವನು ಅದನ್ನು ತಾನೇ ಕಟ್ಟಿಕೊಳ್ಳಬೇಕು.

ಮೊದಲ ಮೋಸ ಕಿಲೋಮೀಟರ್ ಮೀಟರಿನದು. ಬಹಳ ಕಾಲ ಶೆಡ್ಡಿನಲ್ಲಿ ನಿಂತ ಗಾಡಿಯ ಮೀಟರು ಕಡಿಮೆ ತೋರಿಸಿದರೆ ಕೊಳ್ಳುವವನು ಹಿಗ್ಗುತ್ತಾನೆ. ಆದರೆ ಓಡಿದ ಗಾಡಿ ಸವೆಯುವಂತೆ ನಿಂತ ಗಾಡಿ ಒಣಗುತ್ತದೆ. ಬ್ರೇಕಿನ ವಾಷರುಗಳು ಗಡುಸಾಗುತ್ತವೆ, ಹೋಸ್ ಪೈಪು ಬಿರುಕು ಬಿಡುತ್ತದೆ, ಡೀಸೆಲ್ ಟ್ಯಾಂಕಿನ ತಳದಲ್ಲಿ ತುಕ್ಕು ಕೂರುತ್ತದೆ. ಗುಂಡಿ ಸವೆಯದ ಟೈರಿನ ಪಕ್ಕ ಸಿಡಿಯಬಹುದು. ಅದರ ಮೇಲೆ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಅವನ್ನು ಓದಬಲ್ಲವನು ಮೀಟರು ನೋಡುವ ಅಗತ್ಯವೇ ಇಲ್ಲ. ಕೊಂಡ ಗಾಡಿಯನ್ನು ಊರಿಗೆ ತರುವಾಗಲೂ ಅವಸರ ಸಲ್ಲದು. ಜಬಲ್ಪುರದಿಂದ ನಾಗಪುರ, ಹೈದರಾಬಾದ್ ಮೇಲೆ ರಾಯಚೂರಿಗೆ ಸುಮಾರು ಸಾವಿರ ಕಿ.ಮೀ. ದಾರಿ. ಗಂಟೆಗೆ ನಲವತ್ತರಂತೆ ಲೆಕ್ಕ ಹಾಕಿದರೆ ಇಪ್ಪತ್ತೈದು ಗಂಟೆಯ ಓಟ, ಅಂದರೆ ಮೂರು ದಿನ. ಒಂದೂವರೆ ದಿನದಲ್ಲಿ ಮುಟ್ಟಿಸುತ್ತೇನೆ ಎನ್ನುವ ಡ್ರೈವರ್‌ಗೆ ಈ ಗಾಡಿ ಕೊಡಬಾರದು. ಬಿಸಿಲು ನಲವತ್ತು ದಾಟುವ ಸೀಮೆಗೆ ಬರುವಾಗ ನಸುಕಿನಲ್ಲಿ ಹೊರಟು ಮಧ್ಯಾಹ್ನ ನಿಲ್ಲಿಸಬೇಕು. ನಿಲ್ಲಿಸಿದಾಗಲೆಲ್ಲ ನಾಲ್ಕೂ ಹಬ್ಬುಗಳ ಮೇಲೆ ಅಂಗೈ ಇಟ್ಟು ನೋಡಬೇಕು; ಮೂರು ಬೆಚ್ಚಗಿದ್ದು ಒಂದು ಸುಟ್ಟರೆ ಅಲ್ಲಿ ಬೇರಿಂಗೋ ಬ್ರೇಕೋ ಹಿಡಿದಿದೆ.

ಹೆಚ್ಚು ಜನ ಎಡವುವುದು ಮುಂದಿನ ಚಕ್ರಗಳಿಗೂ ಶಕ್ತಿ ಕೊಡುವ ಲಿವರಿನಲ್ಲಿ. ಇಂಥ ಹಳೆಯ ಗಾಡಿಗಳಲ್ಲಿ ಅದನ್ನು ಹಾಕಿದಾಗ ಮುಂದಿನ ಹಾಗೂ ಹಿಂದಿನ ಶಾಫ್ಟುಗಳು ಸಾಮಾನ್ಯವಾಗಿ ಒಂದೇ ವೇಗದಲ್ಲಿ ತಿರುಗುತ್ತವೆ. ಆದರೆ ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಸಾಗಬೇಕು. ಮಾನ್ವಿ ಸೀಮೆಯ ಎರೆಹೊಲದಲ್ಲಿ, ಗೂಗಲ್ ಬಳಿಯ ಕೃಷ್ಣೆಯ ಮರಳಿನಲ್ಲಿ ಟೈರು ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲ, ಹಟವೆಲ್ಲ ಗಿಯರಿನ ಹಲ್ಲುಗಳ ಮೇಲೆ ಬೀಳುತ್ತದೆ. ಕೆಸರು ದಾಟಿಸಲೆಂದೇ ಇಟ್ಟ ಲಿವರನ್ನು ಹೆದ್ದಾರಿಯಲ್ಲಿ ಹಾಕಿಕೊಂಡೇ ಓಡಿಸಿ, ಆಮೇಲೆ ಗಾಡಿಯನ್ನು ಬೈಯುವುದು ನ್ಯಾಯವಲ್ಲ.

ಪಾಳುಬಿದ್ದ ಯುದ್ಧದ ಕಬ್ಬಿಣವೂ ಎದ್ದು ನಿಂತದ್ದುಂಟಲ್ಲ, ಬೆಂಗಳೂರೇ ಸಾಕ್ಷಿಯಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ. ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ 1948ರ ಸುಮಾರಿಗೆ ಹಾರುವಷ್ಟು ಮಾತ್ರ ರಿಪೇರಿ ಮಾಡಿತು. ಪೈಲಟ್ ಜಮ್ಷೆಡ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ತಂದರು. ಇಲ್ಲಿ ಹೊಸದಾಗಿ ಸಿದ್ಧಗೊಂಡ ಸುಮಾರು ನಲವತ್ತು ವಿಮಾನಗಳು ವಾಯುಪಡೆ ಸೇರಿದವು, ಕೊನೆಯವು 1968ರವರೆಗೆ ಹಾರಿದವು. ಆದರೆ ಅವನ್ನು ಎಬ್ಬಿಸಿದ್ದು ಯಾರು? ಯುದ್ಧಕಾಲದಲ್ಲೇ ಅಮೆರಿಕದ ವಿಮಾನಗಳನ್ನು ಬಿಚ್ಚಿ ಜೋಡಿಸಿ ಪಳಗಿದ್ದ ಕಾರ್ಖಾನೆ. ಲೋಹ ಕಾನ್ಪುರದಲ್ಲಿತ್ತು, ಜೀವ ಕೊಡುವ ಏರ್ಪಾಟು ಬೆಂಗಳೂರಿನಲ್ಲಿತ್ತು. ಈ ಉದಾಹರಣೆ ನನ್ನ ಮಾತಿಗೇ ಬಲ ಕೊಡುತ್ತದೆ.

ಹೊಗೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗಿ ಅವು ಗುಜರಿಗೆ ಹೋಗಬೇಕಿರುವಾಗ (ರಕ್ಷಣಾ ಕಾರ್ಯಾಚರಣೆಯ ವಿಶೇಷ ವಾಹನಗಳಿಗೆ ವಿನಾಯಿತಿ ಇದೆ) ಖಾಸಗಿಯವರಿಗೇಕೆ ಈ ಹಂಬಲ? ದಿನಬಾಡಿಗೆಗೆ ಭತ್ತ, ಹತ್ತಿ ಸಾಗಿಸಲು ಇದು ಖಂಡಿತ ತಕ್ಕದ್ದಲ್ಲ. ಡೀಸೆಲ್ಲೂ ಸಾಲದು, ಫಿಟ್‌ನೆಸ್ ಪರೀಕ್ಷೆಯ ಓಡಾಟವೂ ತಪ್ಪದು. ಸೇನೆಯ ನಂಬರಿನ ಬಾಣದ ಗುರುತು ಅಳಿದು ರಾಯಚೂರಿನ ಕೆಎ-36 ಬರಬೇಕು, ಸೇನೆಯ ಆಲಿವ್ ಹಸಿರನ್ನು ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಬೇರೆಯವರು ಬಳಿಯುವಂತಿಲ್ಲ. ವರ್ಷದಲ್ಲಿ ಕೆಲವೇ ದಿನ ಬೇಕಾಗುವ ಕೆಲಸಕ್ಕಾದರೆ ಲೆಕ್ಕವೇ ಬೇರೆ. ಕೆಸರಿನಲ್ಲಿ ಹೂತ ಲಾರಿ ಎಳೆಯಲು, ಮಳೆಗಾಲದಲ್ಲಿ ದಾರಿ ಕೆಟ್ಟ ಹಳ್ಳಿಗೆ ನೀರು, ಕಾಳು ಮುಟ್ಟಿಸಲು ಎತ್ತರದ ಗಾಡಿ ಬೇಕೇಬೇಕು. ಹಾಗೆಂದು 2019ರ ಪ್ರವಾಹದಲ್ಲಿ ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗಿದಂಥ ಹೊತ್ತಿನಲ್ಲಿ ಅದರ ಮೇಲೆ ನುಗ್ಗಿಸುವ ಧೈರ್ಯ ಬೇಡ; ಹರಿವ ನೀರು ಲಾರಿಯನ್ನೂ ತೇಲಿಸುತ್ತದೆ. ನಿಂತ ನೀರನ್ನು ದಾಟಿದರೂ ಕೆಲಸ ಮುಗಿಯುವುದಿಲ್ಲ. ಆಕ್ಸಲ್ ಹೌಸಿಂಗಿನ ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ಒಳಗೆ ನೀರು ಹೊಕ್ಕಿದೆ. ಅದನ್ನು ಅಂದೇ ಬಸಿದು ಹೊಸ ಎಣ್ಣೆ ಹಾಕಿ, ತಾರೀಖಿನೊಂದಿಗೆ ಪುಸ್ತಕದಲ್ಲಿ ಬರೆದಿಡಬೇಕು.