ಮಕ್ಕಳ ಬಣ್ಣದ ಡಬ್ಬಿ

ಮುಂಬಯಿಯ ಎರಡು ಕೋಣೆಗಳ ಮನೆಯಲ್ಲಿ ಮಕ್ಕಳ ಬಣ್ಣ, ಕುಂಚ, ಗೋಂದುಗಳಿಗೆ ಜಾಗವೆಲ್ಲಿ? ಹರಡಿದ್ದನ್ನು ಕಂಡು ರೋಸಿ ನಾವು ಎಲ್ಲವನ್ನೂ ಅಟ್ಟಕ್ಕೇರಿಸಿದೆವು. ಮನೆ ಅಚ್ಚುಕಟ್ಟಾಯಿತು, ನಿಜ. ಆದರೆ ಮಗಳು ಚಿತ್ರ ಬರೆಯುವುದನ್ನೇ ಬಿಟ್ಟಳು! ತಿಂಗಳ ಮೇಲೆ ಇಳಿಸಿ ನೋಡಿದರೆ, ಮಳೆಗಾಲದ ತೇವಕ್ಕೆ ಬಣ್ಣದ ಕಾಗದಗಳು ಒಂದಕ್ಕೊಂದು ಅಂಟಿದ್ದವು. ಒದ್ದೆಯಾಗಿಯೇ ತಲೆಕೆಳಗಾಗಿ ನಿಲ್ಲಿಸಿದ್ದ ಕುಂಚಗಳ ಕೂದಲು ಡೊಂಕಾಗಿತ್ತು.

ಈಗ ಕಾಗದಕ್ಕೆ ಬಿಗಿ ಮುಚ್ಚಳದ ತಗಡಿನ ಡಬ್ಬಿ. ಕುಂಚಗಳನ್ನು ತೊಳೆದು, ಮಲಗಿಸಿ ಒಣಗಿಸಿ, ಆಮೇಲೆ ಕೂದಲು ಮೇಲಾಗಿ ಲೋಟದಲ್ಲಿಡುತ್ತೇವೆ. ಮೇಣದ ಬಣ್ಣದ ಕಡ್ಡಿಗಳು ಬಿಸಿಲಿನ ಕಿಟಕಿಯಿಂದ ದೂರ. ಕತ್ತರಿಯೊಂದು ಮಾತ್ರ ನಮ್ಮ ಸುಪರ್ದಿನಲ್ಲಿ. ಉಳಿದುದೆಲ್ಲ ಅವಳ ಕೈಗೆಟಕುವ ಕೆಳಗಿನ ಹಲಗೆಯ ಮೇಲೆ.

ಕಳೆದ ವಾರ ಊರಿನ ಅಜ್ಜಿಗೆ ಒಂದು ಚಿತ್ರ ಅಂಚೆಯಲ್ಲಿ ಹೋಯಿತು. ತೇರಿನ ಗಾಲಿ ಮಾತ್ರ ಚೌಕ!