ಹಾಲುಹಲ್ಲಿನ ಮೇಲಣ ಆಪಾದನೆ

ಮೂರು ತಿಂಗಳ ಕೂಸಿನ ಬಾಯಿಂದ ಜೊಲ್ಲು ಇಳಿಯತೊಡಗಿತೆಂದರೆ ನಮ್ಮ ಮನೆಗಳಲ್ಲಿ ಒಂದು ತೀರ್ಪು ಹೊರಬೀಳುತ್ತದೆ: "ಹಲ್ಲು ಬರುತ್ತಿದೆ." ತೀರ್ಪು ಕೊಡುವವರು ಸಾಮಾನ್ಯವಾಗಿ ಅಜ್ಜಿ, ಅನುಮೋದಿಸುವವರು ನೆರೆಮನೆಯವರು, ಮೇಲ್ಮನವಿಗೆ ಅವಕಾಶವಿಲ್ಲ. ಒಸಡನ್ನು ಸವರಿ ನೋಡಿದರೆ ಅಲ್ಲಿ ಹಲ್ಲಿನ ಸುಳಿವೇ ಇರುವುದಿಲ್ಲ. ಆದರೂ ಕೆಲವು ತಿಂಗಳು ಕಳೆದ ಮೇಲೆ ಹಲ್ಲು ಹೇಗೂ ಬಂದೇ ಬರುವುದರಿಂದ ಅಜ್ಜಿಯ ಮಾತು ಸುಳ್ಳಾಯಿತೆಂದು ಯಾರೂ ಹೇಳುವಂತಿಲ್ಲ. ಭವಿಷ್ಯ ನುಡಿಯುವವರಿಗೆ ಇದಕ್ಕಿಂತ ಕ್ಷೇಮವಾದ ವಿಷಯ ಮತ್ತೊಂದು ದೊರೆಯಲಾರದು.

ನಿಜವಾಗಿ ನೋಡಿದರೆ ಈ ಜೊಲ್ಲಿಗೂ ಹಲ್ಲಿಗೂ ಇರುವ ನೆಂಟಸ್ತಿಕೆ ಬಲು ದೂರದ್ದು. ಹುಟ್ಟಿದ ಹೊಸತರಲ್ಲಿ ಶಿಶುವಿನ ಬಾಯಲ್ಲಿ ಲಾಲಾರಸ ಹೆಚ್ಚಾಗಿ ಒಸರುವುದಿಲ್ಲ. ಎರಡು ಮೂರು ತಿಂಗಳ ಹೊತ್ತಿಗೆ ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಗೆಯ ಅಡಿಯಲ್ಲಿ ಇರುವ ಮೂರು ಜೋಡಿ ಗ್ರಂಥಿಗಳು ಚುರುಕಾಗುತ್ತವೆ. ದೊಡ್ಡವರಾದ ನಮ್ಮ ಬಾಯಲ್ಲಿಯೂ ದಿನಕ್ಕೆ ಅರ್ಧ ಲೀಟರಿಗೆ ಮಿಗಿಲಾಗಿ ಲಾಲಾರಸ ಒಸರುತ್ತದೆ. ಅರಿವಿಲ್ಲದೆಯೇ ನುಂಗುತ್ತಿರುತ್ತೇವೆ, ಆದುದರಿಂದ ಸಭ್ಯರೆನಿಸಿಕೊಂಡಿದ್ದೇವೆ. ಕೂಸಿಗೆ ಆ ವಿದ್ಯೆ ಇನ್ನೂ ಕೈವಶವಾಗಿಲ್ಲ. ಮುಂದೆ ತಡೆಯಲು ಹಲ್ಲಿನ ಒಡ್ಡೂ ಇಲ್ಲ. ಸಾಲದುದಕ್ಕೆ ಅದೇ ವಯಸ್ಸಿನಲ್ಲಿ ಅದು ತನ್ನ ಮುಷ್ಟಿಯನ್ನು ಕಂಡುಹಿಡಿದು, ಬಾಯಿಗೆ ತುರುಕಿ ಚೀಪತೊಡಗುತ್ತದೆ, ಚೀಪಿದಷ್ಟೂ ಜೊಲ್ಲು. ಅಂಗಿಯ ಎದೆ ನೆನೆಯುತ್ತದೆ, ಗಲ್ಲದ ಕೆಳಗೆ, ಕತ್ತಿನ ಮಡಿಕೆಯಲ್ಲಿ ಕೆಂಪು ಗಂದೆ ಏಳುತ್ತದೆ. ಒದ್ದೆಯನ್ನು ಮೃದುವಾಗಿ ಒತ್ತಿ ತೆಗೆದು ಒಣಗಿಸಿಟ್ಟರೆ ಅದಕ್ಕೆ ಬೇರೆ ಔಷಧ ಬೇಕಾಗುವುದು ಅಪರೂಪ. ಎಂದೂ ಇಲ್ಲದ ಜೊಲ್ಲು ಥಟ್ಟನೆ ಸುರಿಯತೊಡಗಿ, ಮಗು ನುಂಗಲಾರದೆ, ಉಸಿರಿಗೆ ಕಷ್ಟಪಡುತ್ತಿದ್ದರೆ ಅದು ಬೇರೆ ಮಾತು. ಆಗ ಒಂದು ಗಳಿಗೆಯೂ ಮನೆಯಲ್ಲಿ ಕೂರಬಾರದು.

ಹಲ್ಲಾದರೋ ತನ್ನ ಸಿದ್ಧತೆಯನ್ನು ತಾಯಿಯ ಗರ್ಭದಲ್ಲಿಯೇ, ಎರಡನೆಯ ತಿಂಗಳಿನಲ್ಲಿಯೇ ಆರಂಭಿಸಿರುತ್ತದೆ. ಹೊರಗೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಆರನೆಯ ತಿಂಗಳ ಸುಮಾರಿಗೆ, ಕೆಳಗಿನ ಎರಡು ನಡುಹಲ್ಲುಗಳ ರೂಪದಲ್ಲಿ. ಕೆಲವರಿಗೆ ನಾಲ್ಕರಲ್ಲಿಯೇ ಬರಬಹುದು, ಕೆಲವರಿಗೆ ವರ್ಷ ತುಂಬುವಾಗ. ಮೂರು ವರ್ಷದ ಹೊತ್ತಿಗೆ ಇಪ್ಪತ್ತೂ ನೆರೆಯುತ್ತವೆ. ಸಾವಿರಾರು ಶಿಶುಗಳಲ್ಲಿ ಒಂದು ಹಲ್ಲಿನೊಡನೆಯೇ ಹುಟ್ಟುವುದೂ ಉಂಟು. ಮೇಲಿನ ಹಲ್ಲು ಮೊದಲು ಮೂಡಿದರೆ ಸೋದರಮಾವನಿಗೆ ಆಗದೆಂಬ ಮಾತನ್ನು ನಮ್ಮ ಕಡೆ ಎಲ್ಲರೂ ಕೇಳಿಯೇ ಇರುತ್ತಾರೆ. ನಾನೂ ಇಬ್ಬರಿಗೆ ಸೋದರಮಾವ. ಒಬ್ಬನಿಗೆ ಮೇಲಿನದೇ ಮೊದಲು ಬಂದಿತ್ತು. ಈ ಲೇಖನವನ್ನು ಬರೆಯುವಷ್ಟು ಆಯುಸ್ಸು ನನಗೆ ಉಳಿದಿದೆ.

ಹಲ್ಲಿನ ಮೇಲೆ ರೋಗಗಳ ಹೊರೆಯನ್ನು ಹೊರಿಸಿದವರು ಅಜ್ಜಿಯರು ಮಾತ್ರವಲ್ಲ. ಕಾಶ್ಯಪಸಂಹಿತೆಯಲ್ಲಿ ಹಲ್ಲು ಹುಟ್ಟುವುದನ್ನು ಕುರಿತೇ ಒಂದು ಅಧ್ಯಾಯವಿದೆ. ವಾಗ್ಭಟನು ತನ್ನ ಅಷ್ಟಾಂಗಹೃದಯದಲ್ಲಿ ಶಿಶುಗಳ ಸಕಲ ರೋಗಗಳಿಗೂ ದಂತೋದ್ಭೇದವೇ ಕಾರಣವೆನ್ನುವವರೆಗೆ ಹೋಗುತ್ತಾನೆ. ಆದರೆ ಅಲ್ಲಿಯೇ ಮತ್ತೊಂದು ಮಾತನ್ನೂ ಸೇರಿಸುತ್ತಾನೆ: ಹಲ್ಲಿನಿಂದಾದ ಬಾಧೆಗಳಿಗಾಗಿ ಮಗುವನ್ನು ಅತಿಯಾಗಿ ಕಟ್ಟುಪಾಡಿಗೆ ಒಳಪಡಿಸಬೇಡಿ, ಹಲ್ಲು ಮೂಡಿದ ಮೇಲೆ ಅವು ತಾವಾಗಿಯೇ ಶಮನವಾಗುತ್ತವೆ. ಮೊದಲನೆಯ ಮಾತು ಜನರ ಬಾಯಲ್ಲಿ ಉಳಿಯಿತು. ವಿವೇಕದ ಎರಡನೆಯದು ಗ್ರಂಥದಲ್ಲಿಯೇ ಉಳಿಯಿತು.

ಯೂರೋಪಿನ ಕಥೆ ಇನ್ನೂ ಘೋರವಾದದ್ದು. ಹದಿನೇಳನೆಯ ಶತಮಾನದ ಲಂಡನ್ನಿನ ಮರಣಪಟ್ಟಿಗಳಲ್ಲಿ 'ಹಲ್ಲು' ಎಂಬುದೇ ಸಾವಿನ ಒಂದು ಕಾರಣವಾಗಿ ವರುಷವರುಷವೂ ದಾಖಲಾಗುತ್ತಿತ್ತು. ಹದಿನೆಂಟನೆಯ ಶತಮಾನದ ಮಹಾ ಶಸ್ತ್ರವೈದ್ಯ ಜಾನ್ ಹಂಟರನಂಥವನೂ ಹಲ್ಲಿಗೆ ದಾರಿಯಾಗಲೆಂದು ಒಸಡನ್ನು ಚೂರಿಯಿಂದ ಸೀಳುವುದನ್ನು ಸಮರ್ಥಿಸಿದನು. ಆಮೇಲೆ ಬಂದವು ಹಲ್ಲಿನ ಪುಡಿಗಳು. ಅವುಗಳಲ್ಲಿ ಇದ್ದದ್ದು ಕ್ಯಾಲೊಮೆಲ್, ಎಂದರೆ ಪಾದರಸದ ಲವಣ. ಪುಡಿಯನ್ನು ತಿಂದ ಮಕ್ಕಳಲ್ಲಿ ಕೆಲವಕ್ಕೆ ಅಂಗೈ ಅಂಗಾಲು ಕೆಂಪೇರಿ, ಚರ್ಮ ಸುಲಿದು, ಬೆಳಕನ್ನು ಸಹಿಸಲಾರದೆ, ಹಗಲಿರುಳೂ ನರಳುವ ವ್ಯಾಧಿಯೊಂದು ಬರುತ್ತಿತ್ತು. ಅದರಲ್ಲಿ ಲಾಲಾಸ್ರಾವವೂ ಉಂಟು, ಹಲ್ಲು ಉದುರುವುದೂ ಉಂಟು! ಅದನ್ನು ಕಂಡವರು ಹಲ್ಲಿನ ಕಾಟ ಬಲವಾಯಿತೆಂದು ಮತ್ತಷ್ಟು ಪುಡಿಯನ್ನು ತಿನ್ನಿಸಿದ್ದರೆ ಆಶ್ಚರ್ಯವೇನು? ಪಾದರಸವೇ ಇದರ ಮೂಲವೆಂದು 1940ರ ದಶಕದ ಕೊನೆಯಲ್ಲಿ ಗೊತ್ತಾಯಿತು. 1950ರ ದಶಕದಲ್ಲಿ ಪುಡಿಗಳಿಂದ ಪಾದರಸವನ್ನು ತೆಗೆದೊಡನೆ ವ್ಯಾಧಿಯೂ ಬಹುಮಟ್ಟಿಗೆ ಅಳಿಯಿತು. ಆದರೂ ಚಪಲ ಹೋಗಲಿಲ್ಲ. ಒಸಡನ್ನು ಜೋಮು ಹಿಡಿಸುವ ಬೆಂಜೊಕೇನಿನ ಲೇಪವನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಕೂಡದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2018ರಲ್ಲಿಯೂ ಎಚ್ಚರಿಸಬೇಕಾಯಿತು. ಶುಭ್ರವಾದ ಬಟ್ಟೆಯನ್ನು ತಣ್ಣೀರಿನಲ್ಲಿ ಹಿಂಡಿ ಅಗಿಯಲು ಕೊಟ್ಟರೆ, ತೊಳೆದ ಬೆರಳಿನಿಂದ ಒಸಡನ್ನು ಮೆಲ್ಲನೆ ಉಜ್ಜಿದರೆ, ಮಗುವಿಗೆ ಸಾಕಷ್ಟು ಸುಖ.

ಇಷ್ಟೆಲ್ಲ ಓದಿಕೊಂಡದ್ದು ಅನಂತರ. 2014ರ ಬೇಸಗೆಯಲ್ಲಿ ನಮ್ಮ ಮನೆಯ ತೀರ್ಪುಗಾರ ನಾನೇ ಆಗಿದ್ದೆ. ಏಳು ತಿಂಗಳ ಮೊಮ್ಮಗನಿಗೆ ಭೇದಿ ಹತ್ತಿತು. ಜೊಲ್ಲಂತೂ ಇದ್ದೇ ಇತ್ತು. "ಹಲ್ಲು ಬರುವಾಗ ಇದೆಲ್ಲ ಇದ್ದದ್ದೇ" ಎಂದೆ. ಎರಡನೆಯ ದಿನವೂ ಅದನ್ನೇ ಹೇಳಿದೆ. ಮೂವತ್ತು ವರ್ಷ ಪಾಠ ಹೇಳಿದವನ ಗಂಟಲು, ಮನೆಯಲ್ಲಿ ಎದುರು ಮಾತಿಲ್ಲ. ಆ ಸಂಜೆ ಸೊಸೆ ನನ್ನ ಕುರ್ಚಿಯ ಮುಂದೆ ಬಂದು ನಿಂತಳು. "ಮಾವ, ಮಗು ಬೆಳಗಿನಿಂದ ಉಚ್ಚೆ ಹೊಯ್ದಿಲ್ಲ. ಅಳುತ್ತದೆ, ಕಣ್ಣಲ್ಲಿ ನೀರಿಲ್ಲ. ನಾನು ಆಸ್ಪತ್ರೆಗೆ ಹೊರಟೆ" ಎಂದಳು. ಅಪ್ಪಣೆ ಕೇಳಲಿಲ್ಲ, ತಿಳಿಸಿದಳು, ಅಷ್ಟೆ.

ವೈದ್ಯರು ಮಗುವಿನ ನೆತ್ತಿಯನ್ನು ಸವರಿದರು, ಅದು ಕುಳಿಬಿದ್ದಿತ್ತು. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರು; ಅದು ಹಿಂದಕ್ಕೆ ಸರಿಯಲು ತಡಮಾಡಿತು. ಒಸಡನ್ನೂ ನೋಡಿದರು. "ಹಲ್ಲೆಲ್ಲಿದೆ ಯಜಮಾನರೆ?" ಎಂದು ನನ್ನ ಕಡೆ ತಿರುಗಿದರು. ಮರುದಿನ ಬಿಡುವಾಗಿದ್ದಾಗ ವಿವರಿಸಿದರು: ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕುಂದುವುದು ಆರು ತಿಂಗಳ ಸುಮಾರಿಗೆ, ಮಗು ತೆವಳತೊಡಗಿ ನೆಲದ ಮೇಲಿನದನ್ನೆಲ್ಲ ಬಾಯಿಗೆ ಇಡುವುದೂ ಆಗಲೇ, ಹೊರಗಿನ ನೀರು, ಆಹಾರ ಮೊದಲಾಗುವುದೂ ಆಗಲೇ. ಹಲ್ಲೂ ಪಾಪ ಅದೇ ವೇಳೆಗೆ ಬಂದು ಸಿಕ್ಕಿಬೀಳುತ್ತದೆ. ಅದರಿಂದ ಮೈ ತುಸು ಬೆಚ್ಚಗಾಗಬಹುದು, ಮಗು ಕಿರಿಕಿರಿ ಮಾಡಬಹುದು. ನೂರು ಡಿಗ್ರಿಯನ್ನು ಮೀರಿದ ಜ್ವರವನ್ನೂ ಭೇದಿಯನ್ನೂ ಅದರ ತಲೆಗೆ ಕಟ್ಟಬಾರದು. ಮೊದಲ ದಿನವೇ ಎದೆಹಾಲಿನ ಜೊತೆಗೆ ಓ.ಆರ್.ಎಸ್. ದ್ರಾವಣವನ್ನು ಚಮಚ ಚಮಚವಾಗಿ ಕುಡಿಸಿದ್ದರೆ ಬಹುಶಃ ನರಕ್ಕೆ ಸೂಜಿ ಚುಚ್ಚುವ ಪ್ರಸಂಗವೇ ಬರುತ್ತಿರಲಿಲ್ಲ ಎಂದೂ ಹೇಳಿದರು. ಸೊಸೆ ಅಲ್ಲಿಯೇ ಇದ್ದಳು. ನನ್ನ ಕಡೆ ನೋಡಲಿಲ್ಲ. ಅವಳ ಆ ದಾಕ್ಷಿಣ್ಯವನ್ನು ನಾನು ಮರೆತಿಲ್ಲ.

ಮೂರನೆಯ ದಿನ ಮನೆಗೆ ಬಂದೆವು. ಹಲ್ಲು ಮೂಡಿದ್ದು ಅದಾಗಿ ಎರಡು ತಿಂಗಳಿಗೆ. ಒಂದು ಬೆಳಗ್ಗೆ ರಾಗಿಸರಿಯನ್ನು ಉಣ್ಣಿಸುತ್ತಿದ್ದಾಗ ಬೆಳ್ಳಿಯ ಚಮಚ ಒಳಗೆ ಏನನ್ನೋ ತಗುಲಿ 'ಟಿಣ್' ಎಂದಿತು. ಸೊಸೆ ನನ್ನನ್ನು ಕೂಗಿ ಕರೆದು, ಚಮಚವನ್ನು ನನ್ನ ಕೈಗೆ ಕೊಟ್ಟಳು. ನಾನೂ ಒಮ್ಮೆ ತಗುಲಿಸಿ ಕೇಳಿದೆ. ಕೂಸು ನಕ್ಕಿತು, ಸರಿಯೂ ಜೊಲ್ಲೂ ಕೂಡಿ ನನ್ನ ಅಂಗಿಯ ತೋಳಿನ ಮೇಲೆ ಇಳಿಯಿತು.