ನಾಲ್ಕು ಬೆರಳಿನ ತೂಕ

ಪಿಕಪ್‌ನ ಹಿಂದಿನ ಆಕ್ಸಲ್ಲಿಗೂ ಚಾಸಿಯ ಅಡಿಗೆ ಕೂರಿಸಿರುವ ರಬ್ಬರಿಗೂ ನಡುವೆ ಒಂದು ಸಂದಿ ಇರುತ್ತದೆ. ಆ ಸಂದಿಯಲ್ಲಿ ನಾಲ್ಕು ಬೆರಳು ಅಡ್ಡ ಹಿಡಿಸಿದರೆ ಗಾಡಿ ಹೊರಡಬಹುದು. ಮೂರೇ ಹಿಡಿಸಿದರೆ ಎರಡು ಚೀಲ ಇಳಿಯಬೇಕು. ಮದಕರಿಪುರದಲ್ಲಿ ನನಗೆ ಸಿಕ್ಕ ಡ್ರೈವರ್ ಯಜಮಾನರ ಲೆಕ್ಕ ಇಷ್ಟೇ. ಇದನ್ನು ಕಣ್ಣಾರೆ ನೋಡಬೇಕೆಂದೇ ಹೋಗಿದ್ದೆ. ಚಿತ್ರದುರ್ಗದ ಗೆಳೆಯನೊಬ್ಬ, "ವೇಬ್ರಿಡ್ಜೇ ಬೇಡ ಮಾರಾಯ ಅವರಿಗೆ" ಅಂದಿದ್ದ.

ಈರುಳ್ಳಿ ಕೀಳುವ ಕಾಲ. ಟೀ ಅಂಗಡಿಯ ಪಕ್ಕ ಬಿಳಿಯ ಬೊಲೆರೊ ಪಿಕಪ್ ನಿಂತಿತ್ತು. ಹಳದಿ ನಂಬರ್ ಪ್ಲೇಟು, ಕೆಎ–16, ಕನ್ನಡಿಗೆ ಕಟ್ಟಿದ ಒಣಗಿದ ನಿಂಬೆಹಣ್ಣು, ಹಿಂದಿನ ಬಾಗಿಲ ಮೇಲೆ ಬಣ್ಣ ಮಾಸಿದ ಒನಕೆ ಓಬವ್ವ. ಯಜಮಾನರು ಲುಂಗಿ ಎತ್ತಿಕಟ್ಟಿ ಗಾಡಿಯ ಅಡಿಗೆ ಬಗ್ಗಿದರು. ಕೈ ಒಳಗೆ ಹಾಕಿದರು. ಆಮೇಲೆ ಎದ್ದು ಪಾಟಾದ ಕಡೆ ನೋಡಿದರು. ಪಾಟಾ ಎಂದರೆ ಒಂದರ ಮೇಲೊಂದು ಅಟ್ಟಿ ಕಟ್ಟಿದ ಉಕ್ಕಿನ ಪಟ್ಟಿಗಳು. ಖಾಲಿ ಇದ್ದಾಗ ಬಿಲ್ಲಿನಂತೆ ಬಾಗಿರುತ್ತವೆ, ಹೊರೆ ಬಿದ್ದಂತೆ ಚಪ್ಪಟೆಯಾಗುತ್ತಾ ಬರುತ್ತವೆ.

"ಹನ್ನೆರಡು ಕ್ವಿಂಟಾಲ್. ಮೇಲೊಂದು ಹದಿನೈದು, ಇಪ್ಪತ್ತು ಕೆ.ಜಿ. ಇರಬಹುದು ನೋಡಪ್ಪ. ಮಣ್ಣು ಹಸಿ ಐತೆ, ಅದ್ರ ತೂಕ."

ಅನುಮಾನ ನನ್ನದು, ಖರ್ಚೂ ನನ್ನದೇ ಆಗಲಿ ಎಂದು ವೇಬ್ರಿಡ್ಜಿಗೆ ಹೋದೆವು. ಚೀಟಿಯಲ್ಲಿ ಖಾಲಿ ಗಾಡಿಯ ತೂಕ ಕಳೆದಾಗ ಉಳಿದದ್ದು 1,230 ಕೆ.ಜಿ. ಯಜಮಾನರು ಚೀಟಿ ನೋಡಲೂ ಇಲ್ಲ, ಬೀಡಿ ಹಚ್ಚುತ್ತಿದ್ದರು. ಗೆದ್ದೆನೆಂಬ ಭಾವವೇನೂ ಆ ಮುಖದಲ್ಲಿ ಇರಲಿಲ್ಲ.

ಎಲ್ಲಿ ಕಲಿತಿರಿ ಯಜಮಾನ್ರೇ ಎಂದೆ. "ಕಲಿಯೋದೇನು, ಪಾಟಾ ಕಟ್ಟಾಗಿ ಕಟ್ಟಾಗಿ ಬಂದಿದ್ದು" ಎಂದರು. ಒಮ್ಮೆ ಹೊಳಲ್ಕೆರೆ ಕಡೆಯಿಂದ ಅಡಿಕೆ ತುಂಬಿಕೊಂಡು ಬರುವಾಗ ರಾತ್ರಿ ಎರಡು ಗಂಟೆಗೆ ಮೇಲಿನ ಮುಖ್ಯ ಪಟ್ಟಿಯೇ ಮುರಿದಿತ್ತಂತೆ. ಬೆಳಗಾಗುವವರೆಗೆ ಚೀಲಗಳ ಮೇಲೆಯೇ ಮಲಗಿದ್ದರು. ಆ ರಾತ್ರಿಯಿಂದ ಬೆರಳಿಡದೆ ಗಾಡಿ ಎತ್ತಿಲ್ಲ. ಕ್ಲೀನರ್ ಹುಡುಗನಿಗೂ ಹೇಳಿಕೊಡಲು ನೋಡಿದ್ದಾರೆ. "ಅವನ ಬೆರಳು ಸಣ್ಣವು, ಲೆಕ್ಕ ತಪ್ಪುತ್ತೆ" ಎಂದು ನಕ್ಕರು. ತಮಾಷೆಯೋ ನಿಜವೋ ತಿಳಿಯಲಿಲ್ಲ.

ಹೆಸರು ಬರೆಯಬೇಡ ಎಂದಿದ್ದಾರೆ, ಬರೆಯುವುದಿಲ್ಲ. ಆದರೆ ಗಾಡಿಯ ವಂಶಾವಳಿಯನ್ನು ಅವರೇ ಹೇಳಿದ್ದು: "ಇದು ಜೀಪಿನ ಮೊಮ್ಮಗ." ಹುಡುಗನಾಗಿದ್ದಾಗ ಊರಿಗೆ ಜೀಪು ಬಂತೆಂದರೆ ಜನ ಒಳಗೆ ಸೇರುತ್ತಿದ್ದರಂತೆ. ಬರುತ್ತಿದ್ದವರು ತಹಸೀಲ್ದಾರರು, ಬಿಡಿಓ, ಇಲ್ಲವೇ ಪೊಲೀಸರು. ಮೂರರಲ್ಲಿ ಯಾರು ಬಂದರೂ ಯಾರಿಗೋ ಒಬ್ಬರಿಗೆ ತಾಪತ್ರಯ.

ಮೊಮ್ಮಗ ಎಂಬ ಮಾತು ಸುಳ್ಳಲ್ಲ. ಜೆ.ಸಿ. ಮಹೀಂದ್ರ ಮತ್ತು ಕೆ.ಸಿ. ಮಹೀಂದ್ರ ಎಂಬ ಅಣ್ಣತಮ್ಮಂದಿರು ಮಲಿಕ್ ಗುಲಾಂ ಮೊಹಮ್ಮದ್ ಜೊತೆ ಸೇರಿ 1945ರ ಅಕ್ಟೋಬರ್ 2ರಂದು ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರದ ಕಂಪನಿ ತೆರೆದರು. ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ಎರಡೇ ವರ್ಷಕ್ಕೆ ದೇಶ ಒಡೆಯಿತು. ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, 1951ರಲ್ಲಿ ಗವರ್ನರ್ ಜನರಲ್ಲೇ ಆದರು. ಇಲ್ಲಿ ಉಳಿದ ಪಾಲುದಾರರು 1948ರಲ್ಲಿ ಕಂಪನಿಗೆ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರಿಟ್ಟರು. 'ಎಂ ಅಂಡ್ ಎಂ' ಎಂದು ಅಚ್ಚಾಗಿದ್ದ ಕಾಗದ ವ್ಯರ್ಥವಾಗಬಾರದೆಂದು ಹಾಗೆ ಮಾಡಿದರು ಎಂಬ ಕಥೆಯೂ ಇದೆ. ನಮ್ಮ ಕಿರಾಣಿ ಅಂಗಡಿಯವರ ಬುದ್ಧಿಗೆ ತೀರ ಹತ್ತಿರವಾದ್ದರಿಂದ ನನಗಂತೂ ನಂಬಬೇಕೆನಿಸುತ್ತದೆ.

ಯುದ್ಧಕಾಲದಲ್ಲಿ ಕೆ.ಸಿ. ಮಹೀಂದ್ರ ಭಾರತದ ಸರಬರಾಜು ನಿಯೋಗದ ಮುಖ್ಯಸ್ಥರಾಗಿ ಅಮೆರಿಕದಲ್ಲಿದ್ದರು. ಜೀಪಿನ ಹಿಂದಿದ್ದ ವಿಲ್ಲೀಸ್ ಕಂಪನಿಯ ಎಂಜಿನಿಯರ್ ಬಾರ್ನಿ ರೂಸ್ ಅವರ ಭೇಟಿಯಾದದ್ದು ಅಲ್ಲಿಯೇ. ಮಣ್ಣುದಾರಿಯ ದೇಶಕ್ಕೆ ಈ ಗಾಡಿಯೇ ಸರಿ ಎಂದು ಮಹೀಂದ್ರರಿಗೆ ಅನ್ನಿಸಿತು. 1947ರಲ್ಲಿ 75 ಜೀಪುಗಳು ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದವು. ಮುಂಬಯಿಯ ಮಜಗಾಂವ್‌ನಲ್ಲಿ ಜೋಡಣೆ ಶುರುವಾಯಿತು. 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆಗೂಡಿ ಟ್ರ್ಯಾಕ್ಟರ್ ಬಂತು. ಜೀಪು ಬೆಳೆದು ಅರ್ಮಡಾ ಆಯಿತು, ಅರ್ಮಡಾ 2000ದಲ್ಲಿ ಬೊಲೆರೊ ಆಯಿತು. ಬೊಲೆರೊದ ಹಿಂಭಾಗ ಕತ್ತರಿಸಿ ತೊಟ್ಟಿ ಇಟ್ಟರೆ ಪಿಕಪ್. ಎಂಜಿನಿಯರುಗಳು ಹೀಗೆ ಹೇಳಿದರೆ ಒಪ್ಪಲಿಕ್ಕಿಲ್ಲ. ಯಜಮಾನರು ಹೇಳಿದ್ದು ಹೀಗೆಯೇ.

ಆದರೂ ಒಳಗಿನ ಸಂಗತಿ ಅದೇ. ಏಣಿಯನ್ನು ನೆಲಕ್ಕೆ ಮಲಗಿಸಿದಂಥ ಉಕ್ಕಿನ ಚಾಸಿ, ಅದರ ಮೇಲೆ ಬೇರೆಯಾಗಿ ಕೂರಿಸಿದ ಕ್ಯಾಬಿನ್ನು ಮತ್ತು ತೊಟ್ಟಿ, ಅಡಿಯಲ್ಲಿ ಪಾಟಾ. ಕಾರಿನ ಸುರುಳಿ ಸ್ಪ್ರಿಂಗು ಮೈಗೆ ಹಿತ, ಪಾಟಾ ಹೊರೆಗೆ ಹಿತ. ಖಾಲಿ ಪಿಕಪ್‌ನಲ್ಲಿ ಕೂತು ಹೊಸದುರ್ಗದ ಒಳರಸ್ತೆಯಲ್ಲಿ ಹತ್ತು ಕಿಲೋಮೀಟರು ಹೋದವರ ಸೊಂಟಕ್ಕೆ ಇದು ಚೆನ್ನಾಗಿ ಗೊತ್ತು. ಕ್ಯಾಬಿನ್ನಿಗೆ ಪೆಟ್ಟಾದರೆ ಬಿಚ್ಚಿ ತಟ್ಟಬಹುದು, ಪಟ್ಟಿಯೊಂದು ಮುರಿದರೆ ಅದೊಂದನ್ನೇ ಬದಲಿಸಬಹುದು. ದಾರಿಬದಿಯ ಮೆಕ್ಯಾನಿಕ್ಕಿಗೆ ತಿಳಿಯದ ಭಾಗ ಇದರಲ್ಲಿ ಕಡಿಮೆ.

ಟಾಟಾದವರ 407 1986ರಲ್ಲೇ ಬಂದಿತ್ತು. ಆದರೆ ಅದು ಲಾರಿಯ ಜಾತಿ. 2005ರಲ್ಲಿ ಬಂದ ಟಾಟಾ ಏಸ್ ಪೇಟೆಯ ಗಲ್ಲಿಗಳಿಗೆ ಹೇಳಿಮಾಡಿಸಿದ್ದು. ಹೊಲದ ಅಂಚಿನಿಂದ ಹೆದ್ದಾರಿಗೆ ಹತ್ತಿ, ರಾತ್ರೋರಾತ್ರಿ ಇನ್ನೂರು ಕಿಲೋಮೀಟರು ದೂರದ ಬೆಂಗಳೂರು ಮುಟ್ಟಿ, ಬೆಳಿಗ್ಗೆ ಗೊಬ್ಬರವೋ ಸಿಮೆಂಟೋ ತುಂಬಿಕೊಂಡು ವಾಪಸಾಗುವ ಕೆಲಸ ನಮ್ಮ ಕಡೆ ಪಿಕಪ್ ಪಾಲಿಗೆ ಬಂತು. ಹೊಸದುರ್ಗದ ದಾಳಿಂಬೆ, ಭೀಮಸಮುದ್ರದ ಅಡಿಕೆ, ಹಿರಿಯೂರಿನ ತೆಂಗು, ದುರ್ಗದ ಸೇವಂತಿಗೆ, ಮದುವೆಯ ಪಾತ್ರೆ, ಜಾತ್ರೆಗೆ ಹೊರಟ ಕುರಿ, ಕುರಿಯ ಜೊತೆ ನೆಂಟರು. ಸರ್ಕಾರವನ್ನು ಊರಿಗೆ ತಂದ ಗಾಡಿಯ ಮೊಮ್ಮಗನೇ ಊರಿನ ಬೆಳೆಯನ್ನು ಪೇಟೆಗೆ ಹೊತ್ತ. ಈಗ ಪಿಕಪ್ ಬಂದರೆ ಯಾರೂ ಒಳಗೆ ಸೇರುವುದಿಲ್ಲ, ಬಾಡಿಗೆ ಎಷ್ಟು ಎಂದು ಕೇಳಲು ಹೊರಗೆ ಬರುತ್ತಾರೆ.

ಬಾಡಿಗೆಯ ಮಾತಿಗೆ ಯಜಮಾನರ ದನಿ ಇಳಿಯಿತು. ಈರುಳ್ಳಿಗೆ ಬೆಲೆ ಬಿದ್ದ ದಿನ ರೈತ ಬಾಡಿಗೆ ಚೌಕಾಸಿ ಮಾಡುತ್ತಾನೆ, ಬೆಲೆ ಬಂದ ದಿನ ಎರಡು ಚೀಲ ಹೆಚ್ಚಿಗೆ ಏರಿಸು ಎನ್ನುತ್ತಾನೆ. 2019ರ ತಿದ್ದುಪಡಿ ಕಾನೂನಿನಲ್ಲಿ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲೆ ಟನ್ನಿಗೆ 2,000. ಗುಯಿಲಾಳು ಟೋಲಿನ ದುಡ್ಡು, ಡೀಸೆಲ್ಲು, ಕಂತು ಬೇರೆ. ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ವರ್ಷವರ್ಷವೂ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ಪಿಕಪ್‌ಗಳು ಬಾಡಿಗೆಗೆ ಕಾಯುವ ಜಾಗದಲ್ಲಿ ನೆರಳಿಲ್ಲ, ಕುಡಿಯುವ ನೀರಿಲ್ಲ, ಶೌಚಾಲಯವಂತೂ ಕೇಳಲೇಬೇಡಿ. ಜಿಲ್ಲೆಯ ಅರ್ಧ ಸಂತೆಯನ್ನು ಹೊರುವವರಿಗೆ ಒಂದು ತಗಡಿನ ಚಪ್ಪರ ಹಾಕಿಸುವುದು ಯಾರಿಗೂ ಭಾರವಾಗಬಾರದು.

ಅದೇ ಮಹೀಂದ್ರ ಕಂಪನಿ 2023ರ ಏಪ್ರಿಲ್‌ನಲ್ಲಿ ಬೊಲೆರೊ ಮ್ಯಾಕ್ಸ್ ಪಿಕಪ್‌ನ ಎಚ್‌ಡಿ ಸರಣಿ ಬಿಟ್ಟಿದೆ. ಎರಡು ಟನ್‌ವರೆಗೆ ಹೊರುತ್ತದೆ, ತೊಟ್ಟಿಯ ಉದ್ದ 3,050 ಮಿಲಿಮೀಟರ್‌ವರೆಗೆ, ಎಂದರೆ ಹತ್ತು ಅಡಿ. ಗಾಡಿ ಎಲ್ಲಿದೆ, ಹೇಗೆ ಓಡುತ್ತಿದೆ ಎಂಬುದನ್ನು ಮಾಲೀಕ ಮನೆಯಲ್ಲೇ ಕೂತು ಫೋನಿನಲ್ಲಿ ನೋಡಬಹುದು. ಯಜಮಾನರ ಮಗ ಅದನ್ನೇ ಕೊಳ್ಳೋಣ ಎನ್ನುತ್ತಿದ್ದಾನೆ. ಇವರೂ ಬೇಡವೆಂದಿಲ್ಲ. ಶೋರೂಮಿಗೆ ಹೋಗಿ ನೋಡಿಯೂ ಬಂದಿದ್ದಾರೆ.

"ಹೆಂಗಿತ್ತು ಯಜಮಾನ್ರೇ?"

"ಚೆನ್ನಾಗೈತೆ. ಅಡಿಗೆ ಬಗ್ಗಿ ನೋಡಾಕೆ ಹೋದೆ, ಅಲ್ಲಿನ ಹುಡುಗ ಎದ್ದೇಳಿ ಅಜ್ಜ, ಬಟ್ಟೆ ಕೊಳೆ ಆಗ್ತಾವೆ ಅಂದ."

ಹಳೆಯ ಗಾಡಿಯ ಎಫ್‌ಸಿ ಯುಗಾದಿಯವರೆಗೆ ಇದೆ.